ಡ್ರೈವರ್ ಇಲ್ಲ ಅನ್ನುವ ಮೊದಲು: ರಾಸ್ಪ್‌ಬೆರಿ ಪೈನಲ್ಲಿ ಗಡಿಯಾರ, ಸೆನ್ಸರ್, ವೈಫೈ ಡಾಂಗಲ್ ಎಬ್ಬಿಸುವ ಕ್ರಮ

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಪಿನ್‌ಗಳಿಗೆ ಒಂದು ಗಡಿಯಾರದ ಮಾಡ್ಯೂಲ್ ಸಿಕ್ಕಿಸಿ ಬೂಟ್ ಮಾಡಿ ನೋಡಿ. ಲಿನಕ್ಸ್‌ನ ಲಾಗ್‌ನಲ್ಲಿ ಅದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅದೇ ಬೋರ್ಡಿಗೆ ಯುಎಸ್‌ಬಿ ಡಾಂಗಲ್ ಚುಚ್ಚಿದರೆ ಕೈ ತೆಗೆಯುವುದರೊಳಗೆ ನಾಲ್ಕೈದು ಸಾಲು ಬಿದ್ದಿರುತ್ತವೆ. ಎರಡಕ್ಕೂ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಡಾಂಗಲ್ ತನ್ನ ಹೆಸರು, ಕುಲ, ಗೋತ್ರವನ್ನು ತಾನೇ ಹೇಳಿಕೊಳ್ಳುತ್ತದೆ, ಗಡಿಯಾರದ ಚಿಪ್ ಹೇಳಿಕೊಳ್ಳುವುದಿಲ್ಲ, ವ್ಯತ್ಯಾಸ ಇಷ್ಟೇ. ಐ2ಸಿ, ಎಸ್‌ಪಿಐ ಎಂಬ, ಬೋರ್ಡ್ ಸಣ್ಣ ಚಿಪ್‌ಗಳೊಡನೆ ಮಾತಾಡುವ ತಂತಿಗಳಲ್ಲಿ ಕೂತ ಚಿಪ್‌ಗಳಿಗೆ ಯಾರಾದರೂ ವಿಳಾಸ ಹಿಡಿದು ಕರೆಯಬೇಕು. "ಈ ತಂತಿಯಲ್ಲಿ, ಈ ವಿಳಾಸದಲ್ಲಿ, ಈ ಚಿಪ್ ಇದೆ" ಎಂದು ಕರ್ನಲ್‌ಗೆ ಬರೆದುಕೊಡುವ ಪಟ್ಟಿಗೆ ಡಿವೈಸ್ ಟ್ರೀ ಎಂದು ಹೆಸರು. ಆ ಪಟ್ಟಿಗೆ ನಾವು ಅಂಟಿಸುವ ಚೀಟಿ ಓವರ್‌ಲೇ.

ಪಿಸಿಯಲ್ಲಿ ಪಳಗಿದವರು ಸಣ್ಣ ಬೋರ್ಡ್‌ಗಳಲ್ಲಿ ಎಡವುವುದು ಇಲ್ಲೇ. ಏನೋ ಕಾಣದಿದ್ದ ತಕ್ಷಣ ಡ್ರೈವರ್ ಹುಡುಕಲು ಹೊರಡುತ್ತಾರೆ. ಹುಡುಕಬೇಕಾದ ಕ್ರಮ ಬೇರೆ: ಮೊದಲು ಕರೆಂಟು, ಆಮೇಲೆ ತಂತಿ, ಆಮೇಲೆ ಡಿವೈಸ್ ಟ್ರೀ, ಆಮೇಲೆ ಕರ್ನಲ್ ಮಾಡ್ಯೂಲ್ (ಕರ್ನಲ್‌ಗೆ ಹತ್ತಿಸುವ ಡ್ರೈವರ್), ಕೊನೆಗೆ ಫರ್ಮ್‌ವೇರ್ (ಸಾಧನದ ಒಳಗೇ ಓಡುವ ಪ್ರೋಗ್ರಾಂ). ಕೆಳಗಿನ ಮೆಟ್ಟಿಲು ಗಟ್ಟಿಯಾಗದೆ ಮೇಲಿನದಕ್ಕೆ ಕಾಲಿಟ್ಟರೆ ಮೂರು ದಿನ ವ್ಯರ್ಥ.

ಇಲ್ಲಿ ರಾಸ್ಪ್‌ಬೆರಿ ಪೈ 4 ಮತ್ತು 5, ಅವುಗಳ ಮೇಲೆ ರಾಸ್ಪ್‌ಬೆರಿ ಪೈ ಓಎಸ್ ಬುಕ್‌ವರ್ಮ್ (2023ರ ಅಕ್ಟೋಬರ್‌ನಲ್ಲಿ ಬಂದದ್ದು) ಇಟ್ಟುಕೊಂಡು ಮೂರು ಸಾಧನಗಳನ್ನು ಎಬ್ಬಿಸೋಣ: ಡಿಎಸ್3231 ಗಡಿಯಾರ, ಡಿಎಸ್18ಬಿ20 ಉಷ್ಣಾಂಶ ಸೆನ್ಸರ್, ಒಂದು ಯುಎಸ್‌ಬಿ ವೈಫೈ ಡಾಂಗಲ್. ತೋಟದಲ್ಲೋ ಪಂಪ್‌ಹೌಸಿನಲ್ಲೋ ಅಂಕಿ ದಾಖಲಿಸುವ ಪೆಟ್ಟಿಗೆಗೆ ಈ ಮೂರೂ ಬೇಕಾಗುತ್ತವೆ. ಆಜ್ಞೆ, ಕಡತಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಹೊಡೆಯಿರಿ, ಅಡ್ಡಗೆರೆ, ಚುಕ್ಕಿ, ಸಮಚಿಹ್ನೆಗಳು ಇದ್ದ ಹಾಗೇ ಇರಲಿ.

ಕೈಯಲ್ಲಿ ಇರಬೇಕಾದದ್ದು

ಬೋರ್ಡ್, ಅದಕ್ಕೆ ತಕ್ಕ ಪವರ್ ಅಡಾಪ್ಟರ್, ಎ1 ಗುರುತಿನ 16 ಅಥವಾ 32 ಜಿಬಿ ಮೈಕ್ರೋ ಎಸ್‌ಡಿ ಕಾರ್ಡ್, 3.3 ವೋಲ್ಟ್‌ನ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಒಂದು, ಡಿಎಸ್3231 ಮಾಡ್ಯೂಲ್, ಡಿಎಸ್18ಬಿ20 ಒಂದು, 4.7 ಕಿಲೋ ಓಮ್ ರೆಸಿಸ್ಟರ್ ಒಂದು, ಎರಡೂ ತುದಿ ಹೆಣ್ಣು ಇರುವ ಜಂಪರ್ ವೈರ್ ಹತ್ತು, ಮಲ್ಟಿಮೀಟರ್. ಸೀರಿಯಲ್ ಅಡಾಪ್ಟರ್ ಏಕೆ ಎಂದು ಕೇಳಬೇಡಿ. ಬೋರ್ಡ್ ಬೂಟ್ ಆಗದೆ, ನೆಟ್ಟೂ ಇಲ್ಲದೆ, ಪರದೆಯೂ ಕಪ್ಪಾಗಿ ಕೂತ ದಿನ ಉತ್ತರ ಸಿಗುತ್ತದೆ.

ಕರೆಂಟು

ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್. ಪೈ 5ಕ್ಕೆ 5.1 ವೋಲ್ಟ್, 5 ಆಂಪಿಯರ್. ಪೈ 5ಕ್ಕೆ 3 ಆಂಪಿಯರ್‌ನ ಅಡಾಪ್ಟರ್ ಕೊಟ್ಟರೂ ಅದು ಏಳುತ್ತದೆ, ಆದರೆ ಯುಎಸ್‌ಬಿ ಕಿಂಡಿಗಳೆಲ್ಲ ಸೇರಿ 600 ಮಿಲಿ ಆಂಪಿಯರ್‌ಗೆ ಮಿತಿ ಹಾಕಿಕೊಳ್ಳುತ್ತದೆ. ಒಂದು ಎಸ್‌ಎಸ್‌ಡಿ, ಒಂದು ವೈಫೈ ಡಾಂಗಲ್ ಸೇರಿದರೆ ಅಷ್ಟು ಸಾಲದು. ಆಗ ಡಾಂಗಲ್ ಬಂದು ಹೋಗಿ ಮಾಡುತ್ತದೆ, ದೂರು ಡ್ರೈವರ್ ಮೇಲೆ ಬೀಳುತ್ತದೆ.

"65 ವಾಟಿನ ಚಾರ್ಜರ್ ಇದೆಯಲ್ಲ" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಆ ವಾಟುಗಳೆಲ್ಲ ಇರುವುದು 9, 15, 20 ವೋಲ್ಟ್‌ಗಳಲ್ಲಿ. ಪೈ ಕೇಳುವುದು 5 ವೋಲ್ಟ್ ಮಾತ್ರ. ಅದರ ಮೇಲೆ ತೆಳ್ಳನೆಯ ಕೇಬಲ್ ಬಿದ್ದರೆ ದಾರಿಯಲ್ಲೇ ಅರ್ಧ ವೋಲ್ಟ್ ಹೋಗಬಹುದು. ವೋಲ್ಟೇಜ್ 4.63ರ ಕೆಳಗಿಳಿದರೆ ಬೋರ್ಡ್ ಅದನ್ನು ಗುರುತು ಹಾಕಿಕೊಳ್ಳುತ್ತದೆ. ನೋಡುವ ಆಜ್ಞೆ:

ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್

0ಎಕ್ಸ್0 ಬಂದರೆ ನಿಶ್ಚಿಂತೆ. 0ಎಕ್ಸ್50005 ಬಂದರೆ ಈ ಗಳಿಗೆಯಲ್ಲೇ ವೋಲ್ಟೇಜ್ ಕಡಿಮೆ ಇದೆ, ಪ್ರೊಸೆಸರ್ ವೇಗವನ್ನೂ ತಗ್ಗಿಸಿದೆ. 0ಎಕ್ಸ್50000 ಅಂದರೆ ಈಗ ಸರಿಯಿದೆ, ಆದರೆ ಬೂಟ್ ಆದಾಗಿನಿಂದ ಒಮ್ಮೆಯಾದರೂ ಹೀಗಾಗಿದೆ. ಡಾಂಗಲ್, ಡಿಸ್ಕ್ ಎಲ್ಲ ಸಿಕ್ಕಿಸಿ, ಕೆಲಸ ಕೊಟ್ಟು, ಹತ್ತು ನಿಮಿಷ ಬಿಟ್ಟು ನೋಡಿ. ಖಾಲಿ ಬೋರ್ಡಿನಲ್ಲಿ ಸೊನ್ನೆ ಬಂದರೆ ಏನೂ ಸಾಬೀತಾಗುವುದಿಲ್ಲ.

ಇನ್ನೊಂದು ಹಳೆಯ ಕೀಟಲೆ: ಪೈ 4ರ ಮೊದಮೊದಲ ಬೋರ್ಡ್‌ಗಳ ಯುಎಸ್‌ಬಿ-ಸಿ ಕಿಂಡಿಯಲ್ಲಿ ಒಂದು ರೆಸಿಸ್ಟರ್ ಕಡಿಮೆ ಇತ್ತು. ಒಳಗೆ ಚಿಪ್ ಇರುವ ದುಬಾರಿ ಕೇಬಲ್ ಹಾಕಿದರೆ ಅದು ಬೋರ್ಡನ್ನು ಇಯರ್‌ಫೋನ್ ಎಂದು ತಿಳಿದು ಕರೆಂಟೇ ಬಿಡುತ್ತಿರಲಿಲ್ಲ. ಪರಿಷ್ಕರಣೆ 1.2ರಲ್ಲಿ ಸರಿಯಾಯಿತು. ಸೆಕೆಂಡ್‌ಹ್ಯಾಂಡ್ ಬೋರ್ಡ್ ತಂದವರು ಸಾದಾ ಕೇಬಲ್ ಹಾಕಿ ನೋಡುವುದು ಒಳ್ಳೆಯದು.

ಕಾರ್ಡ್ ಮತ್ತು ಮೊದಲ ಬೂಟ್

ಕಾರ್ಡಿಗೆ ಓಎಸ್ ಬರೆಯುವ ರಾಸ್ಪ್‌ಬೆರಿ ಪೈ ಇಮೇಜರ್‌ನಲ್ಲಿ ಬುಕ್‌ವರ್ಮ್‌ನ 64 ಬಿಟ್‌ನ ಲೈಟ್ ಆವೃತ್ತಿ ಆರಿಸಿ. ಬರೆಯುವ ಮೊದಲೇ ಸೆಟ್ಟಿಂಗ್‌ಗಳಲ್ಲಿ ಬಳಕೆದಾರನ ಹೆಸರು, ಪಾಸ್‌ವರ್ಡ್, ವೈಫೈ ದೇಶ ಐಎನ್ (ಭಾರತ), ಎಸ್‌ಎಸ್‌ಎಚ್ (ನೆಟ್ ಮೂಲಕ ಲಾಗಿನ್) ಎಲ್ಲ ತುಂಬಿ. 2022ರ ಏಪ್ರಿಲ್‌ನಿಂದ ಪೈ ಎಂಬ ಸಿದ್ಧ ಬಳಕೆದಾರ ಇಲ್ಲ; ಹಳೆಯ ಲೇಖನ ನೋಡಿ ಆ ಹೆಸರಲ್ಲಿ ಲಾಗಿನ್ ಆಗಲು ಹೋದರೆ ಬಾಗಿಲು ತೆರೆಯುವುದಿಲ್ಲ. ಬೂಟ್ ಭಾಗದಲ್ಲಿ ಡಬ್ಲ್ಯುಪಿಎ_ಸಪ್ಲಿಕೆಂಟ್.ಕಾನ್ಫ್ ಇಡುವ ಹಳೆಯ ಉಪಾಯವೂ ಬುಕ್‌ವರ್ಮ್‌ನಲ್ಲಿ ನಡೆಯದು, ಅಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ಕಾರುಬಾರು.

ಕಾರ್ಡ್ ಅಸಲಿಯೋ ನಕಲಿಯೋ ಎಂಬ ಅನುಮಾನವಿದ್ದರೆ ಎಫ್3 ಎಂಬ ಉಪಕರಣದಿಂದ ಪೂರ್ತಿ ಬರೆದು ಓದಿ ಪರೀಕ್ಷಿಸಿ. ಬೋರ್ಡಿನ ಹಸಿರು ದೀಪ ನಾಲ್ಕು ಸಲ ಮಿಂಚಿ ನಿಲ್ಲುತ್ತಿದ್ದರೆ ಬೂಟ್ ಕಡತ ಸ್ಟಾರ್ಟ್.ಇಎಲ್‌ಎಫ್ ಸಿಕ್ಕಿಲ್ಲ, ಏಳು ಸಲ ಮಿಂಚಿದರೆ ಕರ್ನಲ್ ಸಿಕ್ಕಿಲ್ಲ. ಎರಡಕ್ಕೂ ಮದ್ದು ಕಾರ್ಡನ್ನು ಮತ್ತೆ ಬರೆಯುವುದು.

ಬೂಟ್ ಆದ ಮೇಲೆ ಮೊದಲ ಕೆಲಸ, ಪ್ಯಾಕೇಜ್ ತಂದು ಹಾಕುವ ಎಪಿಟಿ ಆಜ್ಞೆಯಿಂದ ಎಪಿಟಿ ಅಪ್‌ಡೇಟ್, ಎಪಿಟಿ ಫುಲ್-ಅಪ್‌ಗ್ರೇಡ್, ಆಮೇಲೆ ರೀಬೂಟ್. ಆರ್‌ಪಿಐ-ಅಪ್‌ಡೇಟ್ ಎಂಬ ಆಜ್ಞೆಯನ್ನು ಮಾತ್ರ ಮುಟ್ಟಬೇಡಿ. ಅದು ಪರೀಕ್ಷೆಯಲ್ಲಿರುವ ಕರ್ನಲ್ ತಂದು ಹಾಕುತ್ತದೆ, ಅದಕ್ಕೆ ಹೊಂದುವ ಹೆಡರ್ ಪ್ಯಾಕೇಜ್ (ಡ್ರೈವರ್ ಕಂಪೈಲ್ ಮಾಡಲು ಬೇಕಾದ ಕರ್ನಲ್ ಕಡತಗಳು) ಎಪಿಟಿಯಲ್ಲಿ ಇರುವುದಿಲ್ಲ, ಮುಂದೆ ಡ್ರೈವರ್ ಕಂಪೈಲ್ ಮಾಡುವ ಹೊತ್ತಿಗೆ ಕುತ್ತಿಗೆಗೆ ಬರುತ್ತದೆ.

ಸೀರಿಯಲ್ ಕನ್ಸೋಲ್

ಪರದೆ, ನೆಟ್ ಇಲ್ಲದೆಯೂ ಬೋರ್ಡಿನ ಮಾತನ್ನು ತಂತಿಯ ಮೂಲಕ ಲ್ಯಾಪ್‌ಟಾಪ್‌ನಲ್ಲಿ ಓದುವ ದಾರಿ ಇದು. ಪೈ 4ರಲ್ಲಿ ಪಿನ್ 8 ಕಳಿಸುವುದು (ಟಿಎಕ್ಸ್), ಪಿನ್ 10 ಕೇಳುವುದು (ಆರ್‌ಎಕ್ಸ್), ಪಿನ್ 6 ಗ್ರೌಂಡ್. ಅಡಾಪ್ಟರ್‌ನ ಆರ್‌ಎಕ್ಸ್ ಪಿನ್ 8ಕ್ಕೆ, ಟಿಎಕ್ಸ್ ಪಿನ್ 10ಕ್ಕೆ, ಗ್ರೌಂಡ್ ಪಿನ್ 6ಕ್ಕೆ. ಕೆಂಪು ತಂತಿಯನ್ನು ಎಲ್ಲೂ ಸಿಕ್ಕಿಸಬೇಡಿ, ಬೋರ್ಡಿಗೆ ಅದರದೇ ಅಡಾಪ್ಟರ್ ಇದೆ. ಸಿಕ್ಕಿಸುವ ಮೊದಲು ಅಡಾಪ್ಟರ್ ಒಂದನ್ನೇ ಲ್ಯಾಪ್‌ಟಾಪ್‌ಗೆ ಹಾಕಿ, ಅದರ ಟಿಎಕ್ಸ್ ಮತ್ತು ಗ್ರೌಂಡ್ ನಡುವೆ ಮಲ್ಟಿಮೀಟರ್ ಇಡಿ. ಸುಮ್ಮನಿದ್ದಾಗ 3.3 ತೋರಿಸಬೇಕು. 5 ತೋರಿಸಿದರೆ ಅದರ ಜಂಪರ್ ಬದಲಿಸಿ, ಜಂಪರ್ ಇಲ್ಲದಿದ್ದರೆ ಬೇರೆ ಅಡಾಪ್ಟರ್ ತನ್ನಿ. ಪೈನ ಪಿನ್‌ಗಳು 5 ವೋಲ್ಟ್ ತಾಳುವುದಿಲ್ಲ.

ಬೂಟ್ ಆಗುವಾಗ ಬೋರ್ಡ್ ಓದುವ ಸೆಟ್ಟಿಂಗ್‌ಗಳ ಕಡತ, ಕಾರ್ಡಿನ ಕಾನ್‌ಫಿಗ್.ಟಿಎಕ್ಸ್‌ಟಿಯಲ್ಲಿ ಹೀಗೆ ಸೇರಿಸಿ:

ಎನೇಬಲ್_ಯುಎಆರ್‌ಟಿ=1

ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೀನ್ ಅಥವಾ ಪುಟ್ಟಿ ತೆರೆದು ವೇಗ 115200 ಇಡಿ. ಅಕ್ಷರಗಳು ಕಲಸುಮೇಲೋಗರವಾಗಿ ಬಂದರೆ ವೇಗ ತಪ್ಪಿದೆ. ಏನೂ ಬಾರದಿದ್ದರೆ ಟಿಎಕ್ಸ್-ಆರ್‌ಎಕ್ಸ್ ಅದಲುಬದಲಾಗಿದೆ, ಇಲ್ಲವೇ ಗ್ರೌಂಡ್ ಮರೆತಿದೆ. ಪೈ 5ರಲ್ಲಿ ಇದಕ್ಕೆಂದೇ ಎರಡು ಎಚ್‌ಡಿಎಂಐ ಕಿಂಡಿಗಳ ನಡುವೆ ಮೂರು ಪಿನ್ನಿನ ಪುಟ್ಟ ಕನೆಕ್ಟರ್ ಇದೆ. ಅದಕ್ಕೆ ಹೊಂದುವ ಕೇಬಲ್ ಬೇಕು.

ಕಾನ್‌ಫಿಗ್.ಟಿಎಕ್ಸ್‌ಟಿ ಎಲ್ಲಿದೆ, ಹೇಗೆ ಕೆಡುತ್ತದೆ

ಬುಕ್‌ವರ್ಮ್‌ನಿಂದ ಮುಂದಕ್ಕೆ ಈ ಕಡತ ಬೂಟ್ ಫೋಲ್ಡರಿನ ಒಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿದೆ. ಹಳೆಯ ಲೇಖನಗಳು ಬೂಟ್ ಫೋಲ್ಡರಿನಲ್ಲೇ ಇದೆ ಎನ್ನುತ್ತವೆ. ಅಲ್ಲಿ ಈಗ ಇರುವುದು "ಕಡತ ಬೇರೆ ಕಡೆ ಹೋಗಿದೆ" ಎಂಬ ಸೂಚನೆ ಮಾತ್ರ. ಆ ಸೂಚನೆಯ ಕೆಳಗೇ ಸಾಲು ಬರೆದು, ಹತ್ತು ಸಲ ರೀಬೂಟ್ ಮಾಡಿ, ಮಾಡ್ಯೂಲ್ ಕೆಟ್ಟಿದೆ ಎಂದು ಎಸೆದವರೂ ಇದ್ದಾರೆ.

ಎರಡನೆಯ ಬಲೆ ಚೌಕ ಕಂಸಗಳು. ಕಡತದಲ್ಲಿ [ಸಿಎಂ4], [ಪೈ4], [ಪೈ5] ಎಂಬ ಶೀರ್ಷಿಕೆಗಳು ಬರುತ್ತವೆ. ಅವುಗಳ ಕೆಳಗಿನ ಸಾಲು ಆ ಬೋರ್ಡಿಗೆ ಮಾತ್ರ. ನಿಮ್ಮ ಸಾಲುಗಳನ್ನು ಕಡತದ ಕೊನೆಯ [ಆಲ್] ಆದ ಮೇಲೆ ಬರೆಯಿರಿ. ಮೂರನೆಯದು, ಬೋರ್ಡಿಗೆ ಸೇರಿದ ಡಿಟಿಪ್ಯಾರಮ್ ಸಾಲುಗಳು (ಸೆಟ್ಟಿಂಗ್ ಬದಲಿಸುವವು) ಮೇಲಿರಲಿ, ಡಿಟಿಓವರ್‌ಲೇ ಸಾಲುಗಳು (ಓವರ್‌ಲೇ ಅಂಟಿಸುವವು) ಕೆಳಗಿರಲಿ. ಓವರ್‌ಲೇ ಸಾಲಿನ ನಂತರ ಬರೆದ ಡಿಟಿಪ್ಯಾರಮ್‌ನ ಹೆಸರು ಎರಡರಲ್ಲೂ ಇದ್ದರೆ ಅದು ಬೋರ್ಡಿಗಲ್ಲ, ಆ ಓವರ್‌ಲೇಗೆ ಹೋಗಿ ಸೇರುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು: ಓವರ್‌ಲೇ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಬೋರ್ಡ್ ಚಕಾರ ಎತ್ತದೆ ಬೂಟ್ ಆಗುತ್ತದೆ. ಈ ಸಾಲುಗಳನ್ನು ಓದುವುದು ಲಿನಕ್ಸ್ ಅಲ್ಲ, ಅದಕ್ಕೂ ಮೊದಲು ಓಡುವ ಬೋರ್ಡಿನ ಫರ್ಮ್‌ವೇರ್. ಹಾಗಾಗಿ ದೂರು ಕರ್ನಲ್‌ನ ಲಾಗ್ ತೋರಿಸುವ ಡಿಮೆಸ್ಗ್‌ನಲ್ಲಿ ಇರುವುದಿಲ್ಲ. ಫರ್ಮ್‌ವೇರ್‌ನ ಲಾಗ್ ನೋಡಲು ಬೇರೆಯೇ ಆಜ್ಞೆ:

ಸುಡೋ ವಿಸಿಲಾಗ್ --ಎಂಎಸ್‌ಜಿ

ಯಾವ ಓವರ್‌ಲೇ ಹತ್ತಿತು, ಯಾವುದು ಸಿಗಲಿಲ್ಲ ಎಂಬುದು ಇಲ್ಲಿ ಕಾಣುತ್ತದೆ. ಒಂದು ಓವರ್‌ಲೇಗೆ ಏನೇನು ಕೊಡಬಹುದು ಎಂದು ತಿಳಿಯಲು ಡಿಟಿಓವರ್‌ಲೇ -ಎಚ್ ಬರೆದು ಅದರ ಹೆಸರು ಕೊಡಿ. ಈ ಎರಡು ಆಜ್ಞೆ ಗೊತ್ತಿದ್ದರೆ ನೆಟ್‌ನಲ್ಲಿ ಹುಡುಕುವ ಅರ್ಧ ಕೆಲಸ ಕಡಿಮೆ.

ಗಡಿಯಾರ: ಡಿಎಸ್3231

ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ನೆಟ್ ಇದ್ದಾಗ ಅಲ್ಲಿಂದ ಸಮಯ ತರುತ್ತದೆ. ನೆಟ್ ಇಲ್ಲದ ಜಾಗದಲ್ಲಿ ಕರೆಂಟ್ ಹೋಗಿ ನಾಲ್ಕು ಗಂಟೆ ಬಿಟ್ಟು ಬಂದರೆ, ಫೇಕ್-ಎಚ್‌ಡಬ್ಲ್ಯುಕ್ಲಾಕ್ ಎಂಬ ಕಿರು ಪ್ರೋಗ್ರಾಂ ಕೊನೆಗೆ ಬರೆದಿಟ್ಟ ಸಮಯದಿಂದಲೇ ಲೆಕ್ಕ ಮುಂದುವರಿಸುತ್ತದೆ. ನಿಮ್ಮ ದಾಖಲೆಯಲ್ಲಿ ಆ ನಾಲ್ಕು ಗಂಟೆ ಮಾಯ. ಗಡಿಯಾರ ತೀರಾ ಹಿಂದುಳಿದರೆ ಸುರಕ್ಷಿತ ಸಂಪರ್ಕಗಳ ಸರ್ಟಿಫಿಕೇಟ್‌ಗಳೂ "ಇನ್ನೂ ಜಾರಿಗೆ ಬಂದಿಲ್ಲ" ಎಂದು ತಿರಸ್ಕೃತವಾಗುತ್ತವೆ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಸಾಮಾನ್ಯವಾಗಿ ಸಿಗುವುದು ಝಡ್‌ಎಸ್-042 ಎಂದು ಬರೆದ ನೀಲಿ ಮಾಡ್ಯೂಲ್. ಅದಕ್ಕೆ ತಂತಿ ಹೀಗೆ, ಬೋರ್ಡ್ ಆಫ್ ಇರುವಾಗ:

ವಿಸಿಸಿ ಪಿನ್ 1ಕ್ಕೆ (3.3 ವೋಲ್ಟ್)
ಎಸ್‌ಡಿಎ ಪಿನ್ 3ಕ್ಕೆ
ಎಸ್‌ಸಿಎಲ್ ಪಿನ್ 5ಕ್ಕೆ
ಗ್ರೌಂಡ್ ಪಿನ್ 9ಕ್ಕೆ

ಪಿನ್ 2ರ 5 ವೋಲ್ಟ್ ಕೊಟ್ಟರೂ ಚಿಪ್ ಓಡುತ್ತದೆ, ಆದರೆ ಎರಡು ಅಪಾಯ. ಮಾಡ್ಯೂಲಿನ ಮೇಲಿರುವ ರೆಸಿಸ್ಟರ್‌ಗಳು ಎಸ್‌ಡಿಎ, ಎಸ್‌ಸಿಎಲ್ ತಂತಿಗಳನ್ನು ವಿಸಿಸಿ ಕಡೆಗೆ ಎಳೆಯುತ್ತವೆ. 5 ಕೊಟ್ಟರೆ ಪೈನ ಪಿನ್‌ಗಳಿಗೂ ಆ 5ರ ಎಳೆತ ತಗಲುತ್ತದೆ. ಇನ್ನೊಂದು, ಈ ಮಾಡ್ಯೂಲಿನಲ್ಲಿ 200 ಓಮ್‌ನ ಒಂದು ರೆಸಿಸ್ಟರ್, ಒಂದು ಡಯೋಡ್ ಸೇರಿದ ಚಾರ್ಜಿಂಗ್ ದಾರಿ ಇದೆ, ಅದು ಇರುವುದು ಎಲ್‌ಐಆರ್2032 ಎಂಬ ಮರುಚಾರ್ಜ್ ಬ್ಯಾಟರಿಗಾಗಿ. ಅಂಗಡಿಯಲ್ಲಿ ಸಿಗುವ ಸಿಆರ್2032 ಮರುಚಾರ್ಜ್ ಆಗುವಂಥದ್ದಲ್ಲ. 5 ವೋಲ್ಟ್‌ನಲ್ಲಿ ಅದಕ್ಕೆ ಸದಾ ಚಾರ್ಜ್ ಹೋಗಿ ಊದಿಕೊಳ್ಳಬಹುದು. 3.3 ವೋಲ್ಟ್ ಕೊಟ್ಟರೆ ಡಯೋಡ್ ದಾಟಿ ಉಳಿಯುವುದು ಸುಮಾರು 2.7, ಬ್ಯಾಟರಿಯ 3 ವೋಲ್ಟ್‌ಗಿಂತ ಕಡಿಮೆ, ಹಾಗಾಗಿ ಚಾರ್ಜ್ ಹರಿಯುವುದಿಲ್ಲ. 3.3 ಮತ್ತು ಸಿಆರ್2032, ಇದೇ ಒಳ್ಳೆಯ ಜೋಡಿ.

ಈಗ ಬೋರ್ಡ್ ಆನ್ ಮಾಡಿ, ಓವರ್‌ಲೇ ಇನ್ನೂ ಬೇಡ. ಮೊದಲು ತಂತಿಯ ಪರೀಕ್ಷೆ. ಕಾನ್‌ಫಿಗ್ ಕಡತದಲ್ಲಿ:

ಡಿಟಿಪ್ಯಾರಮ್=ಐ2ಸಿ_ಎಆರ್‌ಎಂ=ಆನ್

ಐ2ಸಿ-ಟೂಲ್ಸ್ ಪ್ಯಾಕೇಜ್ ಹಾಕಿ, ರೀಬೂಟ್ ಮಾಡಿ:

ಸುಡೋ ಐ2ಸಿಡಿಟೆಕ್ಟ್ -ವೈ 1

"ಡೆವ್ ಫೋಲ್ಡರಿನಲ್ಲಿ ಐ2ಸಿ-1 ತೆರೆಯಲಾಗಲಿಲ್ಲ" ಎಂಬ ದೂರು ಬಂದರೆ ಹೆದರಬೇಡಿ. ಕಡತವನ್ನು ಕೈಯಲ್ಲಿ ತಿದ್ದಿದಾಗ ಐ2ಸಿ-ಡೆವ್ ಎಂಬ ಮಾಡ್ಯೂಲ್ ತಾನಾಗಿ ಹತ್ತುವುದಿಲ್ಲ. ಸುಡೋ ಮಾಡ್‌ಪ್ರೋಬ್ ಐ2ಸಿ-ಡೆವ್ ಕೊಡಿ. ರಾಸ್ಪಿ-ಕಾನ್‌ಫಿಗ್‌ನ ಮೆನುವಿನಿಂದ ಐ2ಸಿ ಆನ್ ಮಾಡಿದ್ದರೆ ಇದನ್ನೂ ಅದೇ ಮಾಡಿರುತ್ತದೆ.

ಕೋಷ್ಟಕದಲ್ಲಿ 68 ಕಾಣಬೇಕು, ಅದು ಗಡಿಯಾರ. ಜೊತೆಗೆ 57 ಕಂಡರೆ ಅದೇ ಮಾಡ್ಯೂಲಿನ ಮೇಲಿರುವ ಪುಟ್ಟ ನೆನಪಿನ ಚಿಪ್. ಎರಡೂ ಇಲ್ಲದಿದ್ದರೆ ಡ್ರೈವರಿನ ಮಾತೇ ಇಲ್ಲ, ತಂತಿ ನೋಡಿ. ಎಸ್‌ಡಿಎ, ಎಸ್‌ಸಿಎಲ್ ಎರಡೂ ಗ್ರೌಂಡ್‌ಗೆ ಹೋಲಿಸಿದರೆ 3.3 ವೋಲ್ಟ್ ತೋರಿಸಬೇಕು. ಪೈನ ಒಳಗೇ ಈ ಎರಡು ಪಿನ್‌ಗಳಿಗೆ 1.8 ಕಿಲೋ ಓಮ್‌ನ ಪುಲ್‌ಅಪ್ (ತಂತಿಯನ್ನು 3.3ರ ಕಡೆಗೆ ಎಳೆಯುವ ರೆಸಿಸ್ಟರ್) ಇರುವುದರಿಂದ ಏನೂ ಸಿಕ್ಕಿಸದಿದ್ದರೂ 3.3 ಇರುತ್ತದೆ. ಸೊನ್ನೆ ಬಂದರೆ ಎಲ್ಲೋ ಶಾರ್ಟ್. 3.3 ಇದ್ದೂ ಚಿಪ್ ಕಾಣದಿದ್ದರೆ ಎರಡು ತಂತಿ ಅದಲುಬದಲಾಗಿವೆ, ಇಲ್ಲವೇ ಜಂಪರ್ ವೈರಿನ ಒಳಗಿನ ಎಳೆ ತುಂಡಾಗಿದೆ. ಅಗ್ಗದ ಜಂಪರ್‌ಗಳಲ್ಲಿ ಈ ಎರಡನೆಯದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು.

68 ಕಂಡ ಮೇಲೆ ಓವರ್‌ಲೇ:

ಡಿಟಿಓವರ್‌ಲೇ=ಐ2ಸಿ-ಆರ್‌ಟಿಸಿ,ಡಿಎಸ್3231

ರೀಬೂಟ್ ಮಾಡಿ ಮತ್ತೆ ಐ2ಸಿಡಿಟೆಕ್ಟ್ ಓಡಿಸಿದರೆ 68ರ ಜಾಗದಲ್ಲಿ ಯುಯು ಎಂದಿರುತ್ತದೆ. ಚಿಪ್ ಮಾಯವಾಯಿತು ಎಂದು ಗಾಬರಿಯಾಗಬೇಡಿ. ಆ ವಿಳಾಸವನ್ನು ಕರ್ನಲ್ ಡ್ರೈವರ್ ತನ್ನ ಸುಪರ್ದಿಗೆ ತೆಗೆದುಕೊಂಡಿದೆ ಎಂದರ್ಥ, ನಮಗೆ ಬೇಕಾದದ್ದೂ ಅದೇ. ಡಿಮೆಸ್ಗ್‌ನಲ್ಲಿ ಆರ್‌ಟಿಸಿ-ಡಿಎಸ್1307 ಎಂಬ ಹೆಸರು ಕಾಣುತ್ತದೆ. ನಮ್ಮ ಚಿಪ್ 3231 ತಾನೇ ಎಂದು ಕೇಳಬಹುದು. ಈ ಇಡೀ ಬಳಗಕ್ಕೆ ಒಂದೇ ಡ್ರೈವರ್, ಹೆಸರು ಮಾತ್ರ ಹಿರಿಯಣ್ಣನದು. ಹೊಸ ಬ್ಯಾಟರಿ ಹಾಕಿದ ಮೊದಲ ಸಲ "ಸೆಟ್ ಟೈಮ್" ಎಂಬ ಎಚ್ಚರಿಕೆ ಬರುವುದು ಸಹಜ.

ಪೈಗೆ ನೆಟ್ ಕೊಟ್ಟು ಸರಿಯಾದ ಸಮಯ ಬಂದ ಮೇಲೆ ಅದನ್ನು ಚಿಪ್‌ಗೆ ಬರೆಯಿರಿ:

ಸುಡೋ ಎಚ್‌ಡಬ್ಲ್ಯುಕ್ಲಾಕ್ -ಡಬ್ಲ್ಯು

ಬುಕ್‌ವರ್ಮ್‌ನಲ್ಲಿ ಈ ಆಜ್ಞೆಯೇ ಸಿಗದಿದ್ದರೆ ಯುಟಿಲ್-ಲಿನಕ್ಸ್-ಎಕ್ಸ್‌ಟ್ರಾ ಪ್ಯಾಕೇಜ್ ಹಾಕಿ. ಆಮೇಲೆ ಫೇಕ್-ಎಚ್‌ಡಬ್ಲ್ಯುಕ್ಲಾಕ್ ತೆಗೆದುಹಾಕಿ, ಇಬ್ಬರು ಸಮಯ ಹೇಳುವವರು ಬೇಡ. ಪರೀಕ್ಷೆ ಹೀಗೆ: ನೆಟ್ ತೆಗೆದು, ಬೋರ್ಡ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಆನ್ ಮಾಡಿ, ಡೇಟ್ ಆಜ್ಞೆ ಕೊಡಿ.

ಪೈ 5 ಇದ್ದವರಿಗೆ ಮಾತು ಬೇರೆ. ಅದರಲ್ಲಿ ಗಡಿಯಾರ ಒಳಗೇ ಇದೆ, ಎರಡು ಪಿನ್ನಿನ ಬ್ಯಾಟರಿ ಕನೆಕ್ಟರ್‌ಗೆ ಬ್ಯಾಟರಿ ಹಾಕಿದರೆ ಸಾಕು. ಅದರ ಮೇಲೂ ಡಿಎಸ್3231 ಬೇಕೆಂದರೆ ಅದು ಎರಡನೆಯ ಗಡಿಯಾರ, ಆರ್‌ಟಿಸಿ1 ಆಗಿ ಕೂರುತ್ತದೆ, ಸಿಸ್ಟಂ ಮಾತ್ರ ಒಳಗಿನ ಆರ್‌ಟಿಸಿ0 ಅನ್ನೇ ಕೇಳುತ್ತಿರುತ್ತದೆ. ಸಮಯ ಬರೆದರೂ ಉಳಿಯುತ್ತಿಲ್ಲ ಎಂಬ ದೂರಿನ ಮೂಲ ಹಲವು ಸಲ ಇದೇ.

ಉಷ್ಣಾಂಶ: ಡಿಎಸ್18ಬಿ20

ಇದು ಬೇಗ ಮುಗಿಯುತ್ತದೆ. ವಿಡಿಡಿ ಪಿನ್ 17ಕ್ಕೆ, ಗ್ರೌಂಡ್ ಪಿನ್ 14ಕ್ಕೆ, ಡೇಟಾ ಪಿನ್ 7ಕ್ಕೆ. ಡೇಟಾ ಮತ್ತು ವಿಡಿಡಿ ನಡುವೆ 4.7 ಕಿಲೋ ಓಮ್ ರೆಸಿಸ್ಟರ್. ಕಾನ್‌ಫಿಗ್‌ನಲ್ಲಿ:

ಡಿಟಿಓವರ್‌ಲೇ=ಡಬ್ಲ್ಯು1-ಜಿಪಿಐಓ

ರೀಬೂಟ್ ಆದ ಮೇಲೆ ಸಿಸ್ ಫೋಲ್ಡರಿನ ಬಸ್, ಅದರೊಳಗೆ ಡಬ್ಲ್ಯು1, ಅದರೊಳಗೆ ಡಿವೈಸಸ್ ಎಂಬಲ್ಲಿ 28- ಎಂದು ಶುರುವಾಗುವ ಫೋಲ್ಡರ್ ಕಾಣುತ್ತದೆ. ಪ್ರತಿ ಸೆನ್ಸರಿಗೂ ತನ್ನದೇ ಸಂಖ್ಯೆ ಇರುವುದರಿಂದ ಒಂದೇ ತಂತಿಯಲ್ಲಿ ಹಲವು ಸೆನ್ಸರ್ ಹಾಕಬಹುದು, ರೆಸಿಸ್ಟರ್ ಒಂದೇ ಸಾಕು. ಫೋಲ್ಡರಿನೊಳಗಿನ ಟೆಂಪರೇಚರ್ ಕಡತದಲ್ಲಿ 27312 ಎಂದಿದ್ದರೆ 27.312 ಡಿಗ್ರಿ ಸೆಲ್ಸಿಯಸ್.

28- ಬದಲು 00- ಎಂದು ಶುರುವಾಗುವ ಭೂತಗಳು ಸಾಲುಸಾಲಾಗಿ ಹುಟ್ಟುತ್ತಿದ್ದರೆ ರೆಸಿಸ್ಟರ್ ಇಲ್ಲ ಅಥವಾ ಸರಿಯಾಗಿ ಕೂತಿಲ್ಲ. ಓದಿದಾಗಲೆಲ್ಲ 85000 ಬಂದರೆ ಅದು ಉಷ್ಣಾಂಶವಲ್ಲ, ಚಿಪ್ ಆನ್ ಆದಾಗ ಇರುವ ಆರಂಭದ ಅಂಕಿ. ಅಳೆಯುವ ನಡುವೆ ಅದಕ್ಕೆ ಕರೆಂಟ್ ತಪ್ಪುತ್ತಿದೆ. ಉದ್ದ ಕೇಬಲ್‌ನಲ್ಲಿ ಇದು ಮಾಮೂಲು. ನಿಮ್ಮ ಪ್ರೋಗ್ರಾಂನಲ್ಲಿ 85000 ಬಂದರೆ ಬಿಟ್ಟು ಮತ್ತೆ ಓದುವಂತೆ ಬರೆಯಿರಿ. ಸೆನ್ಸರ್ ಕೈಗೆ ಬಿಸಿಯಾಗುತ್ತಿದ್ದರೆ ವಿಡಿಡಿ, ಗ್ರೌಂಡ್ ತಿರುಗಿದೆ, ತಕ್ಷಣ ತೆಗೆಯಿರಿ.

ವೈಫೈ ಡಾಂಗಲ್

ಇಲ್ಲಿಂದ ಆಟದ ನಿಯಮ ಬೇರೆ. ಡಾಂಗಲ್ ತನ್ನ ಗುರುತನ್ನು ತಾನೇ ಹೇಳುತ್ತದೆ, ಓವರ್‌ಲೇ ಬೇಡ. ಬೇಕಾದದ್ದು ಮಾಡ್ಯೂಲ್ ಮತ್ತು ಫರ್ಮ್‌ವೇರ್. ಕೊಳ್ಳುವಾಗ ಡಬ್ಬಿಯ ಮೇಲಿನ ಬ್ರ್ಯಾಂಡ್ ನೋಡಬೇಡಿ, ಒಳಗಿನ ಚಿಪ್ ಯಾವುದೆಂದು ಕೇಳಿ. ಒಂದೇ ಮಾದರಿಯ ಹೆಸರಲ್ಲಿ ಎರಡನೆಯ, ಮೂರನೆಯ ಆವೃತ್ತಿಗೆ ಬೇರೆಯೇ ಚಿಪ್ ಹಾಕಿ ಮಾರುವುದು ಈ ವ್ಯಾಪಾರದ ಹಳೆಯ ಚಾಳಿ. ಮೀಡಿಯಾಟೆಕ್‌ನ ಎಂಟಿ7601ಯು ಕರ್ನಲ್ 4.2ರಿಂದ, ಎಂಟಿ7612ಯು 4.19ರಿಂದ ಕರ್ನಲ್‌ನಲ್ಲೇ ಇವೆ. ರಿಯಲ್‌ಟೆಕ್‌ನ ಆರ್‌ಟಿಎಲ್8821ಸಿಯು 6.2ರಿಂದ ಬಂತು. ಹೊಸದಾಗಿ ಕೊಳ್ಳುವವರಿಗೆ ಮೀಡಿಯಾಟೆಕ್ ನಮ್ಮ ಮೊದಲ ಸಲಹೆ, ತಲೆನೋವು ಕಡಿಮೆ.

ಡಾಂಗಲ್ ಚುಚ್ಚಿ ಎಲ್‌ಎಸ್‌ಯುಎಸ್‌ಬಿ ಕೊಡಿ. ನಾಲ್ಕಂಕಿ, ಕೋಲನ್ (:), ನಾಲ್ಕಂಕಿ, ಅದೇ ಅದರ ಗುರುತು. 0ಬಿಡಿಎ ಎಂದು ಶುರುವಾದರೆ ರಿಯಲ್‌ಟೆಕ್, 0ಇ8ಡಿ ಅಥವಾ 148ಎಫ್ ಆದರೆ ಮೀಡಿಯಾಟೆಕ್ ಮತ್ತು ಅದರಲ್ಲಿ ಸೇರಿಹೋದ ರಾಲಿಂಕ್. 0ಬಿಡಿಎ:1ಎ2ಬಿ ಕಂಡರೆ ಡಾಂಗಲ್ ವೇಷ ಹಾಕಿಕೊಂಡಿದೆ: ವಿಂಡೋಸ್‌ನ ಡ್ರೈವರ್ ಒಳಗಿಟ್ಟುಕೊಂಡು ತಾನೊಂದು ಸಿಡಿ ಡ್ರೈವ್ ಎಂದು ಹೇಳುತ್ತಿದೆ. ಯುಎಸ್‌ಬಿ-ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿ ಡಾಂಗಲ್ ತೆಗೆದು ಚುಚ್ಚಿದರೆ ವೇಷ ಕಳಚಿ ನಿಜವಾದ ಸಂಖ್ಯೆ ತೋರಿಸುತ್ತದೆ. ಆಗ ಎಲ್‌ಎಸ್‌ಯುಎಸ್‌ಬಿ -ಟಿ ಕೊಟ್ಟು ಡಾಂಗಲ್‌ನ ಸಾಲು ನೋಡಿ. ಡ್ರೈವರ್ ಎಂಬ ಪದದ ಮುಂದೆ ಹೆಸರಿದ್ದರೆ ಮಾಡ್ಯೂಲ್ ಹತ್ತಿದೆ, ಖಾಲಿಯಿದ್ದರೆ ಈ ಕರ್ನಲ್‌ಗೆ ಈ ಚಿಪ್ ಗೊತ್ತಿಲ್ಲ.

ಗೊತ್ತಿಲ್ಲದಿದ್ದರೆ ಮೊದಲ ಪ್ರಯತ್ನ ಕರ್ನಲ್ ಅಪ್‌ಗ್ರೇಡ್. ಬುಕ್‌ವರ್ಮ್ 6.1 ಕರ್ನಲ್‌ನೊಂದಿಗೆ ಶುರುವಾಗಿ ಮುಂದೆ 6.6, 6.12ಕ್ಕೆ ಏರಿತು, ಮೊದಲ ಕಾರ್ಡಿನಲ್ಲಿ ಏಳದ 8821ಸಿಯು ಡಾಂಗಲ್ ಅಪ್‌ಗ್ರೇಡ್ ಆದ ಮೇಲೆ ತಾನಾಗಿ ಏಳುತ್ತದೆ. ಯಾರೋ ಬರೆದಿಟ್ಟ ಡ್ರೈವರನ್ನು ಇಳಿಸಿ ಕಂಪೈಲ್ ಮಾಡುವುದು ಕೊನೆಯ ದಾರಿ. ಅದೇ ಬೇಕಾದರೆ ಇಷ್ಟು ನೆನಪಿಡಿ:

1. ಪೈ 4, 64 ಬಿಟ್‌ಗೆ ಲಿನಕ್ಸ್-ಹೆಡರ್ಸ್-ಆರ್‌ಪಿಐ-ವಿ8. ಪೈ 5ಕ್ಕೆ ಲಿನಕ್ಸ್-ಹೆಡರ್ಸ್-ಆರ್‌ಪಿಐ-2712. ಹೆಡರ್ ಹಾಕುವ ಮೊದಲು ಅಪ್‌ಗ್ರೇಡ್ ಮತ್ತು ರೀಬೂಟ್ ಎರಡೂ ಆಗಿರಲಿ. ರೀಬೂಟ್ ಬಿಟ್ಟರೆ ಓಡುತ್ತಿರುವುದು ಹಳೆಯ ಕರ್ನಲ್, ಹೆಡರ್ ಹೊಸದರದು. ಆಗ ಬರುವ ದೂರು "ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್".

2. 32 ಬಿಟ್ ಓಎಸ್ ಹಾಕಿದ್ದರೆ ಯುನೇಮ್ -ಎಂ ಆಜ್ಞೆ ಎಆರ್ಕ್64 ಎನ್ನುತ್ತದೆ, ಗೆಟ್‌ಕಾನ್ಫ್ ಲಾಂಗ್_ಬಿಟ್ 32 ಎನ್ನುತ್ತದೆ (ಲಾಂಗ್_ಬಿಟ್ ಅನ್ನು ದೊಡ್ಡಕ್ಷರದಲ್ಲಿ ಹೊಡೆಯಬೇಕು). ಅಂದರೆ ಕರ್ನಲ್ 64 ಬಿಟ್, ಮೇಲಿನ ಓಎಸ್ 32 ಬಿಟ್. 2023ರಿಂದ 32 ಬಿಟ್ ಓಎಸ್ ಕೂಡ ಪೈ 4ರಲ್ಲಿ 64 ಬಿಟ್ ಕರ್ನಲ್ ಹಾಕಿಕೊಂಡೇ ಏಳುವುದರಿಂದ ಈ ಗೊಂದಲ. ಕಂಪೈಲ್ ನಡುವೆ ಮುಗ್ಗರಿಸುತ್ತದೆ. ಎಆರ್‌ಎಂ_64ಬಿಟ್=0 ಎಂದು ಕಾನ್‌ಫಿಗ್‌ನಲ್ಲಿ ಹಾಕಬಹುದು; 64 ಬಿಟ್ ಓಎಸ್ ಹೊಸದಾಗಿ ಬರೆದುಕೊಳ್ಳುವುದು ಇನ್ನೂ ಚೊಕ್ಕ.

3. ಕರ್ನಲ್ ಬದಲಾದಾಗ ಡ್ರೈವರನ್ನು ತಾನೇ ಮತ್ತೆ ಕಂಪೈಲ್ ಮಾಡುವ ಡಿಕೆಎಂಎಸ್ ಮೂಲಕವೇ ಸ್ಥಾಪಿಸಿ. ಇಲ್ಲದಿದ್ದರೆ ಮುಂದಿನ ಕರ್ನಲ್ ಅಪ್‌ಗ್ರೇಡ್ ಆದ ರಾತ್ರಿಯೇ ವೈಫೈ ಹೋಗುತ್ತದೆ, ಬೋರ್ಡ್ ಇರುವುದು ಮೂವತ್ತು ಕಿಲೋಮೀಟರ್ ದೂರದ ತೋಟದಲ್ಲಿ.

4. ಅದೇ ಚಿಪ್‌ಗೆ ಕರ್ನಲ್‌ನದೂ ಒಂದು ಡ್ರೈವರ್ ಇದ್ದರೆ ಎರಡೂ ಕಿತ್ತಾಡುತ್ತವೆ. ಒಂದನ್ನು ಹತ್ತದಂತೆ ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ ಬ್ಲ್ಯಾಕ್‌ಲಿಸ್ಟ್ ಮಾಡಿ.

ಮಾಡ್ಯೂಲ್ ಹತ್ತಿದರೂ ವೈಫೈ ಇಂಟರ್‌ಫೇಸ್ ಕಾಣದಿದ್ದರೆ ಡಿಮೆಸ್ಗ್‌ನಲ್ಲಿ ಫರ್ಮ್‌ವೇರ್ ಎಂಬ ಪದ ಹುಡುಕಿ. "ಎಂಟಿ7601ಯು.ಬಿನ್ ಲೋಡ್ ಆಗಲಿಲ್ಲ, ದೋಷ -2" ಎಂಬ ಅರ್ಥದ ಸಾಲು ಇದ್ದರೆ ಕಡತವೇ ಇಲ್ಲ ಎಂದು ತಿಳಿಯಿರಿ. ಬುಕ್‌ವರ್ಮ್‌ನಲ್ಲಿ ಮೀಡಿಯಾಟೆಕ್‌ನ ಕಡತ ಫರ್ಮ್‌ವೇರ್-ಮಿಸ್ಕ್-ನಾನ್‌ಫ್ರೀ ಪ್ಯಾಕೇಜಿನಲ್ಲಿ, ರಿಯಲ್‌ಟೆಕ್‌ನದು ಫರ್ಮ್‌ವೇರ್-ರಿಯಲ್‌ಟೆಕ್‌ನಲ್ಲಿ.

ದೋಷದ ಸಂಖ್ಯೆಗಳನ್ನು ಓದಲು ಕಲಿತರೆ ದಾರಿ ಬಹಳ ಹತ್ತಿರವಾಗುತ್ತದೆ. -2 ಅಂದರೆ ಕಡತ ಇಲ್ಲ. -121 ಅಂದರೆ ಐ2ಸಿಯಲ್ಲಿ ಕರೆದ ವಿಳಾಸದಿಂದ ಓಗೊಡಲಿಲ್ಲ, ತಂತಿ ನೋಡಿ. -110 ಅಂದರೆ ಕಾದು ಸಾಕಾಯಿತು. ಯುಎಸ್‌ಬಿಯಲ್ಲಿ ಇದು ಬಂದರೆ ಮೊದಲು ಕರೆಂಟು ಅನುಮಾನಿಸಿ. -16 ಅಂದರೆ ಆ ಪಿನ್ನನ್ನೋ ವಿಳಾಸವನ್ನೋ ಬೇರೆ ಯಾರೋ ಹಿಡಿದಿದ್ದಾರೆ. -517 ದೋಷವೇ ಅಲ್ಲ, "ನನಗೆ ಬೇಕಾದ ಇನ್ನೊಂದು ಸಾಧನ ಇನ್ನೂ ಎದ್ದಿಲ್ಲ, ಆಮೇಲೆ ಬರುತ್ತೇನೆ" ಎಂಬ ಮಾತು. ಕೊನೆಯವರೆಗೂ ಹಾಗೇ ಉಳಿದರೆ ಮಾತ್ರ ಚಿಂತೆ.

ಇಂಟರ್‌ಫೇಸ್ ಬಂದರೂ ನೆಟ್‌ವರ್ಕ್‌ಗಳು ಕಾಣದಿದ್ದರೆ ಆರ್‌ಎಫ್‌ಕಿಲ್ ಲಿಸ್ಟ್ ಕೊಡಿ. ಸಾಫ್ಟ್ ಬ್ಲಾಕ್ಡ್ ಎಂದಿದ್ದರೆ ದೇಶ ಆರಿಸಿಲ್ಲ. ರಾಸ್ಪಿ-ಕಾನ್‌ಫಿಗ್‌ನಲ್ಲಿ ಐಎನ್ ಇಡಿ. ಅಮೆರಿಕದ ಯುಎಸ್ ಇಟ್ಟರೂ ಕೆಲಸ ಆದಂತೆ ಕಾಣುತ್ತದೆ, ಆದರೆ 12, 13ನೇ ಚಾನೆಲ್‌ನಲ್ಲಿರುವ ರೂಟರ್ ಕಣ್ಣಿಗೆ ಬೀಳುವುದಿಲ್ಲ. ಪಕ್ಕದ ಮನೆಯದೆಲ್ಲ ಕಾಣುತ್ತದೆ, ನಮ್ಮದೇ ಕಾಣುತ್ತಿಲ್ಲ ಎಂಬ ದೂರು ಹೀಗೆ ಹುಟ್ಟುತ್ತದೆ.

ಬೋರ್ಡಿನ ಒಳಗಿನ ವೈಫೈ ಬೇಡವಾದರೆ ಡಿಟಿಓವರ್‌ಲೇ=ಡಿಸೇಬಲ್-ವೈಫೈ ಹಾಕಿ, ಇಲ್ಲದಿದ್ದರೆ ಯಾವುದು ಡಬ್ಲ್ಯುಲ್ಯಾನ್0, ಯಾವುದು 1 ಎಂಬುದು ಒಂದೊಂದು ಬೂಟ್‌ನಲ್ಲಿ ಒಂದೊಂದು ಥರ ಆಗಬಹುದು. ಡಾಂಗಲನ್ನು ನೀಲಿ ಯುಎಸ್‌ಬಿ 3 ಕಿಂಡಿಗೆ, ಎಸ್‌ಎಸ್‌ಡಿ ಪಕ್ಕಕ್ಕೆ ಹಾಕಬೇಡಿ. ಯುಎಸ್‌ಬಿ 3ರ ಸದ್ದು 2.4 ಗಿಗಾಹರ್ಟ್ಸ್‌ನ ವೈಫೈಯನ್ನು ನುಂಗುತ್ತದೆ. ಕಪ್ಪು ಕಿಂಡಿಗೆ ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ ದೂರವಿಟ್ಟರೆ ಡ್ರೈವರ್ ಬದಲಿಸದೆಯೇ ಸಿಗ್ನಲ್ ಸುಧಾರಿಸುತ್ತದೆ.

ಬೇರೆ ಬೋರ್ಡ್ ಇದ್ದರೆ

ಆರೆಂಜ್ ಪೈಯಂಥ ಬೋರ್ಡ್‌ಗಳಲ್ಲಿ ಕಾನ್‌ಫಿಗ್.ಟಿಎಕ್ಸ್‌ಟಿ ಇಲ್ಲ. ಆರ್ಮ್‌ಬಿಯನ್ ಎಂಬ ಓಎಸ್ ಹಾಕಿದರೆ ಬೂಟ್ ಫೋಲ್ಡರಿನ ಆರ್ಮ್‌ಬಿಯನ್‌ಎನ್ವ್.ಟಿಎಕ್ಸ್‌ಟಿ ಕಡತದಲ್ಲಿ (ಎನ್ವ್‌ನ ಇ ದೊಡ್ಡಕ್ಷರ) ಓವರ್‌ಲೇಸ್= ಸಾಲಿನ ಮುಂದೆ ಹೆಸರುಗಳನ್ನು ಜಾಗ ಬಿಟ್ಟು ಬರೆಯಬೇಕು. ಪಿನ್ ಸಂಖ್ಯೆ, ಐ2ಸಿ ಬಸ್ ಸಂಖ್ಯೆ ಎಲ್ಲ ಬೇರೆ, ಪೈನ ಚಿತ್ರ ನೋಡಿ ತಂತಿ ಹಾಕಬೇಡಿ. ಬೋರ್ಡ್ ಕೊಳ್ಳುವ ಮೊದಲು ಅದರ ಚಿಪ್‌ಗೆ ಮೇನ್‌ಲೈನ್ (ಲಿನಕ್ಸ್‌ನ ಮೂಲ) ಕರ್ನಲ್‌ನಲ್ಲಿ ಬೆಂಬಲವಿದೆಯೇ, ತಯಾರಕರ ಹಳೆಯ ಕರ್ನಲ್ ಒಂದೇ ಗತಿಯೇ ಎಂದು ವಿಚಾರಿಸಿ. ಎರಡನೆಯದಾದರೆ ಹೊಸ ಡಾಂಗಲ್‌ಗಳ ಆಸೆ ಬಿಡಿ.

ತೋಟಕ್ಕೆ ಕಳಿಸುವ ಮುನ್ನ

ಕರೆಂಟ್ ಹೋಗುವ ಜಾಗವಾದರೆ ಎಲ್ಲ ಸರಿಯಾದ ಮೇಲೆ ರಾಸ್ಪಿ-ಕಾನ್‌ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿ. ಹೆಸರು ಒಂದೇ, ಡಿವೈಸ್ ಟ್ರೀ ಓವರ್‌ಲೇಗೂ ಇದಕ್ಕೂ ಸಂಬಂಧವಿಲ್ಲ. ಇದು ಕಾರ್ಡಿಗೆ ಬರೆಯುವುದನ್ನೆಲ್ಲ ರ್‍ಯಾಮ್‌ಗೆ ತಿರುಗಿಸುತ್ತದೆ, ಕರೆಂಟ್ ಹಠಾತ್ತನೆ ಹೋದರೂ ಕಾರ್ಡ್ ಕೆಡುವುದಿಲ್ಲ. ಆದರೆ ರೀಬೂಟ್ ಆದಾಗ ನಿಮ್ಮ ದಾಖಲೆಯೂ ಹೋಗುತ್ತದೆ. ಅಂಕಿಗಳನ್ನು ಬೇರೊಂದು ಪೆನ್‌ಡ್ರೈವಿಗೆ ಬರೆಯಿರಿ. ಇದು ಆನ್ ಇರುವಾಗ ಮಾಡಿದ ಅಪ್‌ಗ್ರೇಡ್ ಕೂಡ ಉಳಿಯುವುದಿಲ್ಲ, ಹಾಗಾಗಿ ಗಡಿಯಾರದ ಸಮಯ ಬರೆಯುವುದು, ಫೇಕ್-ಎಚ್‌ಡಬ್ಲ್ಯುಕ್ಲಾಕ್ ತೆಗೆಯುವುದು, ವೈಫೈ ದೇಶ ಆರಿಸುವುದು ಎಲ್ಲ ಮುಗಿಸಿದ ಮೇಲೆಯೇ ಇದನ್ನು ಒತ್ತಿ. ಕಾರ್ಡಿನ ಪೂರ್ತಿ ನಕಲೊಂದನ್ನು ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಳ್ಳಿ. ಯಾವುದೋ ಸಾಲು ಸೇರಿಸಿ ಬೋರ್ಡ್ ಏಳದೇ ಹೋದರೆ ಕಾರ್ಡ್ ತೆಗೆದು ಯಾವ ಲ್ಯಾಪ್‌ಟಾಪ್‌ಗಾದರೂ ಹಾಕಿ: ಬೂಟ್ ಭಾಗ ವಿಂಡೋಸ್‌ನಲ್ಲೂ ತೆರೆಯುತ್ತದೆ, ಕಾನ್‌ಫಿಗ್‌ನ ಆ ಸಾಲಿನ ಶುರುವಿನಲ್ಲಿ ಒಂದು ಹ್ಯಾಶ್ ಚಿಹ್ನೆ (#) ಇಟ್ಟರೆ ಸಾಕು.